ಒಂದು ಗಾಯ, ಮೂರು ಗೋಡೆ

2002ರ ಜೂನ್ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ನಳಿಕೆ ಹಾಕಿದ್ದ ಜಾಗದಲ್ಲಿ ಸೋಂಕಾಗಿದೆ ಎಂಬ ಅನುಮಾನ ಬಂತು. ಕ್ಯಾತಿಟರ್ ತೆಗೆದರು. ಅದರ ತುದಿಯನ್ನೂ, ಅದು ಚರ್ಮದಿಂದ ಹೊರಬರುತ್ತಿದ್ದ ಜಾಗದಿಂದ ಒರೆಸಿ ತೆಗೆದ ಸ್ವ್ಯಾಬನ್ನೂ ಕಲ್ಚರ್‌ಗೆ ಕಳಿಸಿದರು. ಕಲ್ಚರ್ ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ಬೆಳೆದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮೂಗಿನೊಳಗೆ ಸುಮ್ನೆ ಕೂತಿರುವ ಬ್ಯಾಕ್ಟೀರಿಯಾ ಅದು. ಆಕ್ಸಾಸಿಲಿನ್ ಔಷಧಕ್ಕೆ ಅದು ಜಗ್ಗಲಿಲ್ಲ. ಅದೂ ಆ ಹೊತ್ತಿಗೆ ಆಸ್ಪತ್ರೆಗಳಲ್ಲಿ ಮಾಮೂಲಾಗಿತ್ತು. ರಿಪೋರ್ಟಿನ ಇನ್ನೊಂದು ಸಾಲು ಮಾತ್ರ ಯಾವ ಲ್ಯಾಬೂ ಹಿಂದೆ ಬರೆದಿರಲಿಲ್ಲ. ವ್ಯಾಂಕೋಮೈಸಿನ್ ಎಂಐಸಿ: 128ಕ್ಕಿಂತ ಜಾಸ್ತಿ. ವ್ಯಾಂಕೋಮೈಸಿನ್ ಅಂದರೆ ಆಕ್ಸಾಸಿಲಿನ್‌ಗೆ ಜಗ್ಗದ ಸ್ಟ್ಯಾಫ್‌ಗೆ ಕೊಡುವ ಆಂಟಿಬಯಾಟಿಕ್.

ಎಂಐಸಿ ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರ್ ದ್ರವದಲ್ಲಿ ಕನಿಷ್ಠ ಎಷ್ಟು ಮೈಕ್ರೋಗ್ರಾಂ ಔಷಧ ಬೇಕು ಎಂಬ ಲೆಕ್ಕ. ಸಾಲಾಗಿ ಟ್ಯೂಬ್ ಇಟ್ಟು ಒಂದರಲ್ಲಿ 1, ಮುಂದಿನದರಲ್ಲಿ 2, ಆಮೇಲೆ 4, 8, 16 ಹೀಗೆ ದುಪ್ಪಟ್ಟು ಮಾಡುತ್ತ ಹೋಗುವುದು. ಎಲ್ಲದಕ್ಕೂ ಅಷ್ಟಷ್ಟೇ ಬ್ಯಾಕ್ಟೀರಿಯಾ ಹಾಕಿ ರಾತ್ರಿಯಿಡೀ ಬೆಚ್ಚಗೆ ಇಡುವುದು. ಬೆಳಿಗ್ಗೆ ನೋಡಿದರೆ ಕೆಲವು ಟ್ಯೂಬ್ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತವೆ, ಕೆಲವು ತಿಳಿಯಾಗಿರುತ್ತವೆ. ಮೊದಲ ತಿಳಿ ಟ್ಯೂಬೇ ಉತ್ತರ. ಮಾಮೂಲಿ ಸ್ಟ್ಯಾಫ್ 1 ಅಥವಾ 2ರಲ್ಲಿ ಸುಮ್ಮನಾಗುತ್ತದೆ. ಮಿಷಿಗನ್ನಿನ ಈ ತಳಿಯನ್ನು ಮುಂದೆ ವಿವರವಾಗಿ ಪರೀಕ್ಷಿಸಿದಾಗ ಬಂದ ಸಂಖ್ಯೆ 1024. ಅಂದರೆ 1ರಿಂದ ಶುರುಮಾಡಿ ಹತ್ತು ಸಲ ದುಪ್ಪಟ್ಟು. ರೋಗಿಯ ರಕ್ತದಲ್ಲಿ ಈ ಔಷಧದ ಮಟ್ಟ ಇಪ್ಪತ್ತರ ಮೇಲೇ ನಿಂತುಬಿಟ್ಟರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂದು ವೈದ್ಯರು ಹೆದರುತ್ತಾರೆ. ಹಾಗಿರುವಾಗ 1024 ಅಂದರೆ ಔಷಧವೇ ಇಲ್ಲ ಅಂದ ಹಾಗೆ.

ಜಗತ್ತಿನಲ್ಲಿ ವ್ಯಾಂಕೋಮೈಸಿನ್‌ಗೆ ಪೂರ್ತಿ ಸೆಡ್ಡು ಹೊಡೆದ ಮೊದಲ ಸ್ಟ್ಯಾಫ್ ಇದು. ಹೆಸರು ವಿಆರ್‌ಎಸ್‌ಎ. ನಾನು ಸೂಕ್ಷ್ಮಜೀವಿಗಳ ಪಾಠ ಹೇಳುವವನು. ಬ್ಯಾಕ್ಟೀರಿಯಾದ ಹೊರಗೋಡೆ, ಪೊರೆಗಳ ಬಗ್ಗೆ ಹೇಳುವಾಗ ಪ್ರತಿ ವರ್ಷ ಇದೇ ಪ್ರಕರಣ ಹಿಡಿದುಕೊಳ್ಳುತ್ತೇನೆ. ಯಾಕೆಂದರೆ ಇಡೀ ಪಾಠ ಆ ಒಬ್ಬ ರೋಗಿಯ ಕಾಲಿನ ಒಂದು ಹುಣ್ಣಿನಲ್ಲೇ ಇತ್ತು.

ರೋಗಿಯ ಹಿನ್ನೆಲೆ

ವಯಸ್ಸು 40. ಸಕ್ಕರೆ ಕಾಯಿಲೆ, ಕಾಲಿನ ರಕ್ತನಾಳಗಳ ತೊಂದರೆ, ಕಿಡ್ನಿ ಸೋತು ಡಯಾಲಿಸಿಸ್. ಈ ಮೂರೂ ಒಟ್ಟಿಗೆ ಇದ್ದವರ ಕಾಲಿನ ಗಾಯ ಎಷ್ಟು ಹಟಮಾರಿ ಎಂಬುದು ನಮ್ಮೂರಿನ ಯಾವ ಸರ್ಜರಿ ವಾರ್ಡಿಗೆ ಹೋದರೂ ಗೊತ್ತಾಗುತ್ತದೆ. 2001ರ ಏಪ್ರಿಲ್‌ನಿಂದ ಆ ರೋಗಿಯ ಪಾದದ ಹುಣ್ಣುಗಳಿಗೆ ಒಂದಾದ ಮೇಲೆ ಒಂದು ಆಂಟಿಬಯಾಟಿಕ್ ಕೋರ್ಸ್ ನಡೆದಿತ್ತು. ಕೆಲವದರಲ್ಲಿ ವ್ಯಾಂಕೋಮೈಸಿನ್ ಕೂಡ ಇತ್ತು. 2002ರ ಏಪ್ರಿಲ್‌ನಲ್ಲಿ ಕೊಳೆತ ಬೆರಳೊಂದನ್ನು ಕತ್ತರಿಸಿದರು. ಅದರ ಬೆನ್ನಿಗೇ ಡಯಾಲಿಸಿಸ್‌ಗೆಂದು ಜೋಡಿಸಿದ್ದ ಗ್ರಾಫ್ಟ್‌ಗೆ ಸೋಂಕು ತಗುಲಿ, ಎಂಆರ್‌ಎಸ್‌ಎ (ಆಕ್ಸಾಸಿಲಿನ್ ಜಾತಿಯ ಔಷಧಗಳಿಗೆ ಬಗ್ಗದ ಸ್ಟ್ಯಾಫ್) ರಕ್ತಕ್ಕೆ ಇಳಿಯಿತು. ಗ್ರಾಫ್ಟ್ ತೆಗೆದು, ಮತ್ತೆ ವ್ಯಾಂಕೋಮೈಸಿನ್, ಜೊತೆಗೆ ರಿಫಾಂಪಿಸಿನ್ ಕೊಟ್ಟರು. ಜೂನ್‌ನಲ್ಲಿ ಕ್ಯಾತಿಟರ್ ಸೋಂಕು.

ಕ್ಯಾತಿಟರ್ ತೆಗೆದು ಒಂದು ವಾರಕ್ಕೆ ಆ ಜಾಗ ಒಣಗಿ ಮಾಯ್ದಿತ್ತು. ಆದರೆ ಪಾದದ ಹಳೇ ಹುಣ್ಣು ಮತ್ತೆ ಕೀವಾದ ಹಾಗೆ ಕಂಡಿತು. ಅದರ ಕಲ್ಚರ್ ಮಾಡಿದಾಗ ಒಂದಲ್ಲ, ಮೂರು ಬಗೆಯ ಬ್ಯಾಕ್ಟೀರಿಯಾ ಸಿಕ್ಕವು. ಅದೇ ವಿಆರ್‌ಎಸ್‌ಎ. ವ್ಯಾಂಕೋಮೈಸಿನ್‌ಗೆ ಬಗ್ಗದ ಎಂಟೆರೋಕಾಕಸ್. ಮೂರನೆಯದು ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ.

ಮೂರಕ್ಕೂ ವ್ಯಾಂಕೋಮೈಸಿನ್ ತಾಗುವುದಿಲ್ಲ. ಕಾರಣ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ. ಅದು ತಿಳಿಯಬೇಕಾದರೆ ಗೋಡೆಯ ಹತ್ತಿರ ಹೋಗಬೇಕು.

ಟ್ಯೂಬು ಮತ್ತು ಟೈರು

ಬ್ಯಾಕ್ಟೀರಿಯಾದ ಹೊರಮೈ ಅಂದರೆ ನನಗೆ ನೆನಪಾಗುವುದು ಪಂಕ್ಚರ್ ಅಂಗಡಿ. ಒಳಗೆ ಟ್ಯೂಬು, ಹೊರಗೆ ಟೈರು. ಟ್ಯೂಬು ಗಾಳಿಯನ್ನು ಹಿಡಿದಿಡುತ್ತದೆ, ಆದರೆ ಅದಕ್ಕೆ ತಾಕತ್ತಿಲ್ಲ. ಟೈರಿಗೆ ತಾಕತ್ತಿದೆ, ಆದರೆ ಟ್ಯೂಬಿಲ್ಲದೆ ಅದು ಗಾಳಿ ಹಿಡಿಯುವುದಿಲ್ಲ. ಟ್ಯೂಬ್‌ಲೆಸ್ ಟೈರಿನ ಮಾತು ಇಲ್ಲಿ ಬೇಡ, ಹಳೇ ಸೈಕಲ್ ನೆನೆಸಿಕೊಳ್ಳಿ.

ಟ್ಯೂಬ್ ಅಂದರೆ ಇಲ್ಲಿ ಕೋಶಪೊರೆ. ಎರಡು ಪದರ ಕೊಬ್ಬಿನ ಅಣುಗಳು, ನಡುನಡುವೆ ಪ್ರೋಟೀನುಗಳು. ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬ ತೀರ್ಮಾನ ಆಗುವುದು ಇಲ್ಲೇ. ಇನ್ನೊಂದು ಕೆಲಸವನ್ನು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ, ನನಗೆ ಅದು ಬೇಜಾರು. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸಲು ಮೈಟೋಕಾಂಡ್ರಿಯ ಇದೆ. ಬ್ಯಾಕ್ಟೀರಿಯಾಗೆ ಅದಿಲ್ಲ. ಅದು ತನ್ನ ಈ ಕೋಶಪೊರೆಯನ್ನೇ ಅಣೆಕಟ್ಟೆ ಮಾಡಿಕೊಂಡಿದೆ. ಪ್ರೋಟಾನುಗಳನ್ನು ಹೊರಕ್ಕೆ ತಳ್ಳಿ, ಅವು ವಾಪಸು ನುಗ್ಗುವ ರಭಸದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ತಯಾರಿಸುತ್ತದೆ. ಪೊರೆಗೆ ತೂತು ಬಿದ್ದರೆ ಒಳಗಿನ ಸಾಮಾನು ಸೋರುವುದಷ್ಟೇ ಅಲ್ಲ, ಕರೆಂಟೂ ಹೋಗುತ್ತದೆ.

ಬ್ಯಾಕ್ಟೀರಿಯಾದ ಒಳಗೆ ಉಪ್ಪು, ಅಮೈನೋ ಆಮ್ಲ, ಪ್ರೋಟೀನು ಎಲ್ಲ ಕಿಕ್ಕಿರಿದು ತುಂಬಿರುತ್ತವೆ. ಹೊರಗಿನ ನೀರು ಒಳಗೆ ನುಗ್ಗಲು ನೋಡುತ್ತಲೇ ಇರುತ್ತದೆ. ಸ್ಟ್ಯಾಫ್‌ನೊಳಗೆ ಹೀಗೆ ಏಳುವ ಒತ್ತಡ 20 ವಾಯುಭಾರಕ್ಕೂ ಮೇಲೆ. ಕಾರಿನ ಟೈರಿಗೆ ನಾವು ಹಾಕಿಸುವ 32 ಪಿಎಸ್‌ಐ ಗಾಳಿ ಸುಮಾರು ಎರಡು ವಾಯುಭಾರ. ಅದರ ಹತ್ತು ಪಟ್ಟು ಲೆಕ್ಕ ಹಾಕಿ. ಬರೀ ಪೊರೆಯೊಂದೇ ಇದ್ದಿದ್ದರೆ ಅದು ಕ್ಷಣವೂ ತಡೆಯುತ್ತಿರಲಿಲ್ಲ.

ಅದಕ್ಕೇ ಟೈರು, ಅಂದರೆ ಕೋಶಭಿತ್ತಿ. ಭಿತ್ತಿ ಅನ್ನುವ ಮಾತಿನಿಂದ ಒಂದು ತೊಂದರೆ ಇದೆ. ಕೇಳಿದ ಕೂಡಲೇ ಇಟ್ಟಿಗೆ ಸಿಮೆಂಟಿನ ಗಟ್ಟಿ ಗೋಡೆ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ನೇಯ್ಗೆ. ಹಾಸು ಹೊಕ್ಕು ಇರುವ ಬಲೆ. ಹಾಸಿನ ಎಳೆಗಳು ಸಕ್ಕರೆಯವು: ಎರಡು ಬಗೆಯ ಸಕ್ಕರೆ ಒಂದು ಬಿಟ್ಟು ಒಂದು ಪೋಣಿಸಿದ ಉದ್ದ ಸರ. ಹೊಕ್ಕಿನ ಎಳೆಗಳು ಅಮೈನೋ ಆಮ್ಲದ ಚಿಕ್ಕ ತುಂಡುಗಳು. ಒಂದು ಸರದಿಂದ ಪಕ್ಕದ ಸರಕ್ಕೆ ಇವು ಗಂಟು ಹಾಕಿಕೊಂಡಿರುತ್ತವೆ. ಇಡೀ ನೇಯ್ಗೆಯ ಹೆಸರು ಪೆಪ್ಟಿಡೋಗ್ಲೈಕಾನ್. ಸ್ಟ್ಯಾಫ್‌ನಲ್ಲಿ ಇಂಥ ನೇಯ್ಗೆ ಪದರದ ಮೇಲೆ ಪದರವಾಗಿ 20ರಿಂದ 30 ನ್ಯಾನೋಮೀಟರ್ ದಪ್ಪ ಇರುತ್ತದೆ. ಮಧ್ಯೆ ಟೈಕೋಯಿಕ್ ಆಮ್ಲದ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಬ್ಯಾಕ್ಟೀರಿಯಾ ಬೆಳೆಯುತ್ತ, ಎರಡಾಗುತ್ತ ಇರುವಾಗ ಈ ನೇಯ್ಗೆಯನ್ನು ಒಂದು ಕಡೆ ಬಿಚ್ಚಿ ಹೊಸ ಎಳೆ ಸೇರಿಸುತ್ತಲೇ ಇರಬೇಕು. ಓಡುತ್ತಿರುವ ಗಾಡಿಯ ಟೈರಿಗೆ ಓಡುತ್ತಲೇ ಪ್ಯಾಚ್ ಹಾಕಿದ ಹಾಗೆ. ಬಿಚ್ಚುವ ಕೆಲಸ ನಡೆದು, ಗಂಟು ಹಾಕುವ ಕೆಲಸ ನಿಂತರೆ ಏನಾಗುತ್ತದೆ? ಟೈರು ಸೀಳಿದ ಕಡೆ ಟ್ಯೂಬು ಗುಳ್ಳೆಯಂತೆ ಉಬ್ಬಿ ಢಮಾರ್ ಅನ್ನುತ್ತದೆ, ನೋಡಿದ್ದೀರಲ್ವಾ? ಪೆನ್ಸಿಲಿನ್ ಬಿದ್ದ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ಹಾಗೇ ಉಬ್ಬಿ ಒಡೆಯುತ್ತದೆ.

ನಮ್ಮ ಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಗೋಡೆಗೆ ಗುರಿಯಿಡುವ ಔಷಧಗಳು ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಹೊಡೆಯುವುದು ಈ ಕಾರಣಕ್ಕೇ.

ಬುತ್ತಿ ಕಟ್ಟಿಕೊಂಡ ಎಳೆ

ಈಗ ಆ ಹೊಕ್ಕಿನ ಎಳೆಯೊಂದನ್ನು ಹತ್ತಿರದಿಂದ ನೋಡೋಣ. ಪ್ರಕರಣದ ತಿರುಳು ಇರುವುದು ಅಲ್ಲೇ.

ಹೊಸದಾಗಿ ತಯಾರಾದ ಎಳೆಯಲ್ಲಿ ಐದು ಅಮೈನೋ ಆಮ್ಲ. ಕೊನೆಯ ಎರಡು ಒಂದೇ ಬಗೆಯವು: ಡಿ-ಅಲನೈನ್, ಡಿ-ಅಲನೈನ್. ಇಲ್ಲಿ 'ಡಿ' ಅಂದರೆ ಕನ್ನಡಿಯಲ್ಲಿ ತಿರುಗಿ ಕಾಣುವ ರೂಪ. ನಮ್ಮ ಮೈಯ ಪ್ರೋಟೀನುಗಳೆಲ್ಲ 'ಎಲ್' ರೂಪದವು. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಪ್ರೋಟೀನು ಕತ್ತರಿಸುವ ಕಿಣ್ವಗಳಿಗೆ ಎಡಗಾಲಿನ ಚಪ್ಪಲಿ ಗೊತ್ತು, ಬಲಗಾಲಿನದು ಸಿಕ್ಕರೆ ಏನು ಮಾಡಬೇಕೋ ತೋಚುವುದಿಲ್ಲ.

ಗೋಡೆ ಕಟ್ಟುವ ಜಾಗ ಪೊರೆಯ ಹೊರಗೆ. ಎಳೆ ತಯಾರಾಗುವುದು ಒಳಗೆ. ಸಾಗಿಸಲು 55 ಕಾರ್ಬನ್ನಿನ ಉದ್ದದ ಕೊಬ್ಬಿನ ಅಣುವೊಂದಿದೆ. ಅದು ಪೊರೆಯಲ್ಲೇ ಓಡಾಡುವ ಹಮಾಲಿ. ಒಳಬದಿಯಲ್ಲಿ ಸರಕು ಹೇರಿಕೊಳ್ಳುತ್ತದೆ, ಪೊರೆಯಲ್ಲಿರುವ ಪ್ರೋಟೀನೊಂದು ಅದನ್ನು ಹೊರಬದಿಗೆ ಮಗುಚುತ್ತದೆ, ಸರಕು ಇಳಿಸಿ ಹಮಾಲಿ ವಾಪಸು ಬರುತ್ತಾನೆ. ಇಂಥ ಹಮಾಲಿಗಳು ಜಾಸ್ತಿ ಇರುವುದಿಲ್ಲ. ಅದೇ ಕೆಲವರು ಮತ್ತೆ ಮತ್ತೆ ತಿರುಗಬೇಕು.

ಹೊರಗೆ ಹೋದ ಮೇಲೆ ಗಂಟು ಹಾಕಬೇಕು. ಗಂಟು ಹಾಕಲು ಶಕ್ತಿ ಬೇಕು. ಒಳಗೆ ಎಟಿಪಿ ಇದೆ, ಹೊರಗೆ ಇಲ್ಲ. ಅದಕ್ಕೇ ಎಳೆ ಮನೆಯಿಂದ ಹೊರಡುವಾಗಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತದೆ. ಆ ಬುತ್ತಿಯೇ ಕೊನೆಯ ಡಿ-ಅಲನೈನ್. ಗಂಟು ಹಾಕುವ ಕಿಣ್ವ ಕೊನೆಯ ಕೊಂಡಿಯನ್ನು ಮುರಿಯುತ್ತದೆ, ಕೊನೆಯ ಡಿ-ಅಲನೈನ್ ಉದುರಿ ಹೋಗುತ್ತದೆ, ಮುರಿದಾಗ ಸಿಕ್ಕ ಶಕ್ತಿಯಿಂದ ಪಕ್ಕದ ಎಳೆಗೆ ಗಂಟು ಬೀಳುತ್ತದೆ. ಇಷ್ಟು ಲೆಕ್ಕಾಚಾರದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೆನ್ಸಿಲಿನ್ ಈ ಕೊನೆಯ ಜೋಡಿಯ ವೇಷ ಹಾಕಿಕೊಂಡು ಬರುತ್ತದೆ. ಕಿಣ್ವ ಅದನ್ನೇ ಎಳೆ ಅಂದುಕೊಂಡು ಹಿಡಿಯುತ್ತದೆ, ಹಿಡಿದ ಕೈ ಅಂಟಿಕೊಂಡುಬಿಡುತ್ತದೆ. ಆಕ್ಸಾಸಿಲಿನ್ ಮಾಡುವುದೂ ಇದನ್ನೇ. ಎಂಆರ್‌ಎಸ್‌ಎ ಇದಕ್ಕೆ ಕಂಡುಕೊಂಡ ಉಪಾಯ ಸರಳ: ಮೇಸ್ತ್ರಿಯನ್ನೇ ಬದಲಾಯಿಸುವುದು. ಅದರ ಬಳಿ ಪಿಬಿಪಿ2ಎ ಎಂಬ ಬೇರೊಂದು ಕಿಣ್ವ ಇದೆ. ಪೆನ್ಸಿಲಿನ್ ಜಾತಿಯ ಔಷಧಗಳ ವೇಷಕ್ಕೆ ಅದು ಸುಲಭವಾಗಿ ಮರುಳಾಗುವುದಿಲ್ಲ.

ವ್ಯಾಂಕೋಮೈಸಿನ್ ದಾರಿ ಬೇರೆ. ಅದು ಮೇಸ್ತ್ರಿಯ ತಂಟೆಗೆ ಹೋಗುವುದಿಲ್ಲ, ಎಳೆಯ ತುದಿಯನ್ನೇ ಹಿಡಿಯುತ್ತದೆ. ಬಟ್ಟಲಿನಂಥ ಆಕಾರದ ದೊಡ್ಡ ಅಣು ಅದು, ತೂಕ ಸುಮಾರು 1,450 ಡಾಲ್ಟನ್. ಡಿ-ಅಲನೈನ್ ಜೋಡಿ ಆ ಬಟ್ಟಲಿನೊಳಗೆ ಐದು ಹೈಡ್ರೋಜನ್ ಬಂಧಗಳಿಂದ ಕೂತುಬಿಡುತ್ತದೆ. ತುದಿಗೆ ಟೊಪ್ಪಿಗೆ ಹಾಕಿದ ಮೇಲೆ ಮೇಸ್ತ್ರಿ ಹಳಬನಾದರೇನು, ಹೊಸಬನಾದರೇನು? ಎಂಆರ್‌ಎಸ್‌ಎಗೆ ವ್ಯಾಂಕೋಮೈಸಿನ್ ಕೊಡುವುದು ಇದಕ್ಕೇ.

ಈ ಔಷಧದ ಮೂಲ ಬೋರ್ನಿಯೊ ಕಾಡಿನ ಮಣ್ಣು. ಮಿಷನರಿಯೊಬ್ಬರು 1950ರ ದಶಕದ ಶುರುವಿನಲ್ಲಿ ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗೆ ಕಳಿಸಿದ್ದು. ಮೊದಮೊದಲು ಅದು ಶುದ್ಧವಾಗಿ ಬರುತ್ತಿರಲಿಲ್ಲ, ಕಂದು ಬಣ್ಣಕ್ಕೆ 'ಮಿಸಿಸಿಪ್ಪಿ ಕೆಸರು' ಅಂತ ಅಡ್ಡಹೆಸರು ಬಿದ್ದಿತ್ತು. 1958ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಸುಮಾರು ಮೂವತ್ತು ವರ್ಷ ಇದಕ್ಕೆ ಹೇಳಿಕೊಳ್ಳುವಂಥ ಪ್ರತಿರೋಧ ಕಾಣಲಿಲ್ಲ. ಮೇಸ್ತ್ರಿಯನ್ನು ಬದಲಾಯಿಸಬಹುದು, ಆದರೆ ಗೋಡೆಯ ಸಾಮಗ್ರಿಯನ್ನೇ ಬದಲಾಯಿಸಲು ಯಾವ ಬ್ಯಾಕ್ಟೀರಿಯಾಗೆ ಆದೀತು ಎಂಬ ಧೈರ್ಯ ಇತ್ತು.

ಹುಣ್ಣಿನೊಳಗಿನ ಮೂವರು

ಈಗ ಪಾದದ ಹುಣ್ಣಿಗೆ ವಾಪಸು ಬರೋಣ.

ಇಂಥ ಮೂರು ಬ್ಯಾಕ್ಟೀರಿಯಾಗಳನ್ನು ಒಂದೇ ಸ್ಲೈಡಿನ ಮೇಲೆ ಸವರಿ ಗ್ರಾಂ ಬಣ್ಣ ಹಾಕಿದರೆ ಸೊಗಸಾಗಿ ಕಾಣುತ್ತದೆ. ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆ ಗುಂಡುಗಳು ಸ್ಟ್ಯಾಫ್. ಎರಡೆರಡು, ಚಿಕ್ಕ ಸರದಲ್ಲಿರುವ ನೇರಳೆ ಗುಂಡುಗಳು ಎಂಟೆರೋಕಾಕಸ್. ಗುಲಾಬಿ ಬಣ್ಣದ ಮೋಟು ಕಡ್ಡಿಗಳು ಕ್ಲೆಬ್ಸಿಯೆಲ್ಲಾ. 1884ರಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಈ ವಿಧಾನ ಪ್ರಕಟಿಸಿದಾಗ ಯಾಕೆ ಹೀಗೆ ಎರಡು ಬಣ್ಣ ಅಂತ ಅವರಿಗೂ ಗೊತ್ತಿರಲಿಲ್ಲ. ಕಾರಣ ಗೋಡೆ. ನೇರಳೆ ಬಣ್ಣ, ಅಯೋಡಿನ್ ಎರಡೂ ಸೇರಿ ಒಳಗೆ ಗಟ್ಟಿ ಕಣವಾಗುತ್ತವೆ. ಆಮೇಲೆ ಆಲ್ಕೋಹಾಲ್ ಸುರಿಯುತ್ತೇವೆ. ದಪ್ಪ ನೇಯ್ಗೆಯ ಗೋಡೆ ನೀರು ಕಳೆದುಕೊಂಡು ಬಿಗಿಯುತ್ತದೆ, ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ತೆಳು ಗೋಡೆಯದರಲ್ಲಿ ಬಣ್ಣ ತೊಳೆದು ಹೋಗುತ್ತದೆ, ಆಮೇಲೆ ಹಾಕಿದ ಗುಲಾಬಿ ಹಿಡಿಯುತ್ತದೆ. ಆಲ್ಕೋಹಾಲ್ ಹಾಕಿ ಫೋನ್ ನೋಡುತ್ತ ನಿಂತರೆ ಎಲ್ಲವೂ ಗುಲಾಬಿಯೇ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಹೀಗೆ ಮಾಡಿ ಸ್ಟ್ಯಾಫನ್ನು ಗ್ರಾಂ ನೆಗೆಟಿವ್, ಅಂದರೆ ಗುಲಾಬಿ ಗುಂಪಿನದು, ಎಂದು ಬರೆಯುತ್ತಾರೆ.

ಕ್ಲೆಬ್ಸಿಯೆಲ್ಲಾದ ಗೋಡೆ ಕೆಲವೇ ನ್ಯಾನೋಮೀಟರ್ ತೆಳು. ಆ ತೆಳು ನೇಯ್ಗೆಯಲ್ಲೂ ಇರುವುದು ಅದೇ ಡಿ-ಅಲನೈನ್ ಜೋಡಿ. ವ್ಯಾಂಕೋಮೈಸಿನ್ ಕೈಗೆ ಸಿಕ್ಕರೆ ಅದನ್ನೂ ಹಿಡಿಯುತ್ತದೆ. ಆದರೆ ಸಿಗುವುದಿಲ್ಲ. ಯಾಕೆಂದರೆ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗೆ ಗೋಡೆಯ ಹೊರಗೆ ಇನ್ನೊಂದು ಪೊರೆ ಇದೆ. ಅದರ ಹೊರಮೈ ತುಂಬ ಲಿಪೊಪಾಲಿಸ್ಯಾಕರೈಡ್ ಎಂಬ, ಸಕ್ಕರೆ ಬಾಲವಿರುವ ಕೊಬ್ಬು ಒತ್ತೊತ್ತಾಗಿ ನಿಂತಿರುತ್ತದೆ. ಒಳಗೆ ಹೋಗಲು ಪೋರಿನ್ ಎಂಬ ಕಿಂಡಿಗಳಿವೆ. ಸುಮಾರು 600 ಡಾಲ್ಟನ್ ತೂಕದ ತನಕದ ಅಣುಗಳಿಗೆ ಅಲ್ಲಿ ದಾರಿ. 1,450 ಡಾಲ್ಟನ್ನಿನ ವ್ಯಾಂಕೋಮೈಸಿನ್ ಬಾಗಿಲಲ್ಲೇ ನಿಲ್ಲಬೇಕು. ಇದು ಕ್ಲೆಬ್ಸಿಯೆಲ್ಲಾ ಕಷ್ಟಪಟ್ಟು ಗಳಿಸಿದ ಪ್ರತಿರೋಧವಲ್ಲ, ಹುಟ್ಟಿನಿಂದ ಬಂದ ಮನೆಯ ನಕ್ಷೆ. ಈ ಪ್ರಕರಣದಲ್ಲಿ ಅದರ ಪಾತ್ರ ಇಷ್ಟೇ.

ಎಂಟೆರೋಕಾಕಸ್‌ದು ಗಳಿಸಿದ್ದು. ನಮ್ಮ ಕರುಳಿನಲ್ಲಿರುವ ಈ ಬ್ಯಾಕ್ಟೀರಿಯಾದ ವ್ಯಾಂಕೋಮೈಸಿನ್‌ಗೆ ಬಗ್ಗದ ತಳಿಗಳನ್ನು 1988ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸಿನವರು ವರದಿ ಮಾಡಿದರು. ಅದು ಮಾಡಿದ್ದು ಯಾರೂ ಆಗದು ಎಂದುಕೊಂಡಿದ್ದ ಕೆಲಸ. ಗೋಡೆಯ ಸಾಮಗ್ರಿಯನ್ನೇ ಬದಲಾಯಿಸಿತ್ತು. ಕೊನೆಯ ಡಿ-ಅಲನೈನ್ ಬದಲು ಡಿ-ಲ್ಯಾಕ್ಟೇಟ್ ಇಟ್ಟಿತ್ತು.

ಬದಲಾದದ್ದು ಎಷ್ಟು ಅಂತ ನೋಡಿದರೆ ನಗು ಬರುತ್ತದೆ. ಒಂದು ಸಾರಜನಕ, ಅದರ ಜೊತೆಗಿನ ಹೈಡ್ರೋಜನ್ ಹೋಗಿ ಆ ಜಾಗಕ್ಕೆ ಒಂದು ಆಮ್ಲಜನಕ ಬಂತು. ಅಷ್ಟೇ. ಐದು ಹೈಡ್ರೋಜನ್ ಬಂಧದಲ್ಲಿ ಒಂದು ತಪ್ಪಿತು. ಆದರೆ ಹಿಡಿತ ಐದರಲ್ಲೊಂದು ಪಾಲು ಸಡಿಲವಾಗಲಿಲ್ಲ, ಸಾವಿರ ಪಟ್ಟು ಸಡಿಲವಾಯಿತು. ಯಾಕೆಂದರೆ ಹೊಸದಾಗಿ ಬಂದ ಆಮ್ಲಜನಕ ಬರೀ ಕೈ ಬಿಡುವುದಿಲ್ಲ, ದೂಡುತ್ತದೆ. ವ್ಯಾಂಕೋಮೈಸಿನ್ನಿನ ಆ ಜಾಗದಲ್ಲೂ ಒಂದು ಆಮ್ಲಜನಕ ಇದೆ. ಎರಡರ ಎಲೆಕ್ಟ್ರಾನುಗಳೂ ಎದುರುಬದುರು ನಿಂತು ಒಂದನ್ನೊಂದು ತಳ್ಳುತ್ತವೆ. ಅಮೆರಿಕದ ರಸಾಯನ ವಿಜ್ಞಾನಿ ಡೇಲ್ ಬೋಗರ್ ತಂಡ 2003ರಲ್ಲಿ ಇದನ್ನು ಬಿಡಿಸಿ ಅಳೆಯಿತು: ಸಾವಿರದಲ್ಲಿ ಬಂಧ ತಪ್ಪಿದ್ದರಿಂದ ಸುಮಾರು ಹತ್ತು ಪಟ್ಟು, ತಳ್ಳಾಟದಿಂದ ನೂರು ಪಟ್ಟು.

ಈ ಬದಲಾವಣೆ ಒಂದು ಜೀನ್‌ನಿಂದ ಆಗುವುದಲ್ಲ. ಒಂದು ಕಿಣ್ವ ಡಿ-ಲ್ಯಾಕ್ಟೇಟ್ ತಯಾರಿಸಬೇಕು. ಇನ್ನೊಂದು ಅದನ್ನು ಡಿ-ಅಲನೈನ್‌ಗೆ ಜೋಡಿಸಬೇಕು. ಇಷ್ಟೇ ಆದರೆ ಹಳೇ ಜೋಡಿಯೂ ತಯಾರಾಗುತ್ತಲೇ ಇರುತ್ತದೆ, ಎರಡೂ ಬೆರೆತು ಗೋಡೆಗೆ ಹೋಗುತ್ತವೆ. ಆಗ ವ್ಯಾಂಕೋಮೈಸಿನ್‌ಗೆ ಹಿಡಿದುಕೊಳ್ಳಲು ಸಾಕಷ್ಟು ತುದಿಗಳು ಸಿಗುತ್ತವೆ. ಅದಕ್ಕೇ ಮೂರನೇ ಕಿಣ್ವ ಹಳೇ ಜೋಡಿಗಳನ್ನು ಹುಡುಕಿ ಹುಡುಕಿ ಕತ್ತರಿಸುತ್ತದೆ. ನನಗೆ ಈ ಮೂರನೆಯದೇ ಇಷ್ಟ. ಹೊಸದನ್ನು ತರುವುದು ಯಾರಾದರೂ ಮಾಡಿಯಾರು, ಹಳೇದನ್ನು ಗುಡಿಸುವವರು ಬೇಕಲ್ಲ.

ಇವೆಲ್ಲದರ ಮೇಲೊಂದು ಸ್ವಿಚ್ ಇದೆ. ಪೊರೆಯಲ್ಲಿ ಕೂತ ಒಂದು ಪ್ರೋಟೀನು ಹೊರಗೆ ವ್ಯಾಂಕೋಮೈಸಿನ್ ಬಂದಿದೆಯೇ ಎಂದು ಗಮನಿಸುತ್ತಿರುತ್ತದೆ. ಬಂದರೆ ಒಳಗಿನ ಇನ್ನೊಂದು ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ, ಕಾರ್ಖಾನೆ ಚಾಲು. ಇಲ್ಲದಿದ್ದರೆ ಹಳೇ ಗೋಡೆಯೇ ನಡೆಯುತ್ತದೆ, ದುಬಾರಿ ಕೆಲಸಕ್ಕೆ ಕೈ ಹಾಕುವುದಿಲ್ಲ.

ಈ ಇಡೀ ಸರಂಜಾಮು ಟಿಎನ್1546 ಎಂಬ ಟ್ರಾನ್ಸ್‌ಪೋಸಾನಿನಲ್ಲಿ, ಸುಮಾರು 10,800 ಡಿಎನ್ಎ ಅಕ್ಷರಗಳ ಒಂದು ಕಟ್ಟಿನಲ್ಲಿರುತ್ತದೆ. ಟ್ರಾನ್ಸ್‌ಪೋಸಾನ್ ಅಂದರೆ ಒಂದು ಡಿಎನ್ಎಯಿಂದ ಎದ್ದು ಇನ್ನೊಂದರಲ್ಲಿ ಹೋಗಿ ಕೂರಬಲ್ಲ ತುಣುಕು. ಮಿಷಿಗನ್ನಿನ ಸ್ಟ್ಯಾಫ್‌ನ ಒಳಗೆ 57,900 ಅಕ್ಷರಗಳ ಪ್ಲಾಸ್ಮಿಡ್ (ಮುಖ್ಯ ಡಿಎನ್ಎಯಿಂದ ಬೇರೆಯಾಗಿರುವ ಡಿಎನ್ಎ ಉಂಗುರ) ಒಂದು ಸಿಕ್ಕಿತು. ಅದರ ಮಧ್ಯೆ ಈ ಟಿಎನ್1546 ಹೊಕ್ಕು ಕೂತಿತ್ತು. ಅದೇ ಪ್ಲಾಸ್ಮಿಡ್ಡಿನಲ್ಲಿ ಪೆನ್ಸಿಲಿನ್ ಒಡೆಯುವ ಜೀನ್, ಜೆಂಟಾಮೈಸಿನ್ ಜಾತಿಯ ಔಷಧಗಳನ್ನು ಕೆಡಿಸುವ ಜೀನ್, ಕೆಲವು ಸೋಂಕುನಾಶಕ ದ್ರಾವಣಗಳನ್ನು ಹೊರಗೆ ಎಸೆಯುವ ಜೀನ್ ಕೂಡ ಇದ್ದವು. 2003ರಲ್ಲಿ ಪ್ರಕಟವಾದ ವಿಶ್ಲೇಷಣೆ ಬೊಟ್ಟು ಮಾಡಿದ್ದು ಅದೇ ರೋಗಿಯಲ್ಲಿ ಜೊತೆಗೇ ಸಿಕ್ಕಿದ್ದ ಎಂಟೆರೋಕಾಕಸ್ ಫೀಕಾಲಿಸ್ ಕಡೆಗೆ. ಕೊಟ್ಟವನೂ ತೆಗೆದುಕೊಂಡವನೂ ಒಂದೇ ಮೈಯಲ್ಲಿದ್ದರು.

ಇದು ನಡೆಯಬಹುದು ಎಂದು ಗೊತ್ತಿರಲಿಲ್ಲ ಎಂದಲ್ಲ. 1992ರಲ್ಲೇ ಲಂಡನ್ನಿನ ವಿಜ್ಞಾನಿಗಳು ಲ್ಯಾಬಿನಲ್ಲಿ, ಇಲಿಯ ಚರ್ಮದ ಮೇಲೆ ಕೂಡ, ಎಂಟೆರೋಕಾಕಸ್‌ನಿಂದ ಸ್ಟ್ಯಾಫ್‌ಗೆ ಈ ಜೀನುಗಳು ದಾಟುವುದನ್ನು ತೋರಿಸಿದ್ದರು. ಹತ್ತು ವರ್ಷ ಎಲ್ಲರೂ ಅದನ್ನೇ ಕಾಯುತ್ತಿದ್ದರು ಅನ್ನಬೇಕು. ತಿಂಗಳುಗಟ್ಟಲೆ ಮಾಯದ ಹುಣ್ಣು, ಅದರಲ್ಲಿ ಎರಡೂ ಬ್ಯಾಕ್ಟೀರಿಯಾ ಅಕ್ಕಪಕ್ಕ, ಮೇಲಿಂದ ಮೇಲೆ ವ್ಯಾಂಕೋಮೈಸಿನ್. ದಾಟಿ ಬಂದ ಒಂದೇ ಒಂದು ಕೋಶಕ್ಕೂ ಅಲ್ಲಿ ಮೈದಾನ ಖಾಲಿ ಇತ್ತು.

ಜಪಾನಿನ ಉಪಾಯ ಬೇರೆ

ಮಿಷಿಗನ್ನಿಗೂ ಮೊದಲು, 1996ರಲ್ಲಿ, ಜಪಾನಿನಲ್ಲಿ ವ್ಯಾಂಕೋಮೈಸಿನ್‌ಗೆ ಅರ್ಧಂಬರ್ಧ ಬಗ್ಗದ ಸ್ಟ್ಯಾಫ್ ಒಂದು ಸಿಕ್ಕಿತ್ತು. ಎಂಐಸಿ 8. ಎರಡನ್ನೂ ಒಂದೇ ಸಾಲಿನಲ್ಲಿ ಇಡುವವರಿದ್ದಾರೆ, ಅದು ಸರಿಯಲ್ಲ. ಜಪಾನಿನದು ಯಾರಿಂದಲೂ ಜೀನ್ ಪಡೆದಿರಲಿಲ್ಲ. ತನ್ನ ಗೋಡೆಯನ್ನೇ ಇನ್ನಷ್ಟು ದಪ್ಪ ಮಾಡಿಕೊಂಡಿತ್ತು. ಗಂಟು ಬೀಳದ ಡಿ-ಅಲನೈನ್ ತುದಿಗಳನ್ನು ಹೊರ ಪದರಗಳಲ್ಲಿ ಜಾಸ್ತಿ ಬಿಟ್ಟಿತ್ತು. ವ್ಯಾಂಕೋಮೈಸಿನ್ ಅಣುಗಳು ಆ ತುದಿಗಳಿಗೇ ಅಂಟಿಕೊಂಡು ಅಲ್ಲೇ ನಿಲ್ಲುತ್ತಿದ್ದವು. ಪೊರೆಯ ಹತ್ತಿರ, ನಿಜವಾಗಿ ಗೋಡೆ ಕಟ್ಟುವ ಜಾಗಕ್ಕೆ, ತಲುಪುವುದು ಸ್ವಲ್ಪವೇ. ಅದು ಹೊದಿಕೆ ಮೇಲೆ ಹೊದಿಕೆ ಹೊದ್ದು ಚಳಿ ತಡೆದ ಹಾಗೆ. ಮಿಷಿಗನ್ನಿನದು ಚಳಿಯೇ ತಾಗದ ಚರ್ಮ ಹಾಕಿಕೊಂಡ ಹಾಗೆ. 8ಕ್ಕೂ 1024ಕ್ಕೂ ಇರುವ ಅಂತರ ಅದೇ.

ಚಿಕಿತ್ಸೆ ಮತ್ತು ಆಮೇಲೆ

ರೋಗಿಗೆ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಗೋಡೆಯ ಮೇಲಿನ ದಾಳಿ ಸೋತ ಮೇಲೆ ವೈದ್ಯರು ಗೋಡೆಯನ್ನೇ ಬಿಟ್ಟರು. ಈ ತಳಿ ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಲಿನೆಜೋಲಿಡ್‌ಗಳಿಗೆ ಇನ್ನೂ ಬಗ್ಗುತ್ತಿತ್ತು. ಅವು ಪ್ರೋಟೀನು ತಯಾರಿಕೆ ನಿಲ್ಲಿಸುವ ಔಷಧಗಳು. ಆದರೆ ಕೊಟ್ಟದ್ದು ಟ್ರೈಮೆಥೋಪ್ರಿಂ-ಸಲ್ಫಾಮೆಥೊಕ್ಸಜೋಲ್, ಅಂದರೆ ನಮ್ಮಲ್ಲಿ ಸೆಪ್ಟ್ರಾನ್ ಎಂದು ಎಲ್ಲರಿಗೂ ಗೊತ್ತಿರುವ ಅಗ್ಗದ ಹಳೇ ಮಾತ್ರೆಯಲ್ಲಿರುವುದೇ. ಅದು ಫೋಲೇಟ್ ತಯಾರಿಕೆಗೆ ಅಡ್ಡ ಬರುತ್ತದೆ. ಇದರ ಜೊತೆ ಹುಣ್ಣನ್ನು ಬಿಡದೆ ಚೊಕ್ಕ ಮಾಡಿ ಆರೈಕೆ ಮಾಡಿದರು. ರೋಗಿಯ ಮೂಗಿನಲ್ಲಾಗಲಿ, ಮಾಯ್ದಿದ್ದ ಕ್ಯಾತಿಟರ್ ಜಾಗದಲ್ಲಾಗಲಿ ಮತ್ತೆ ವಿಆರ್‌ಎಸ್‌ಎ ಬೆಳೆಯಲಿಲ್ಲ. ಅವರ ಸಂಪರ್ಕಕ್ಕೆ ಬಂದಿದ್ದ ನೂರಾರು ಜನರನ್ನು ಹುಡುಕಿ ಪರೀಕ್ಷಿಸಿದರು. ಯಾರಿಗೂ ಹರಡಿರಲಿಲ್ಲ.

ಆಗ ಎದ್ದ ಭಯಕ್ಕೆ ಹೋಲಿಸಿದರೆ ಮುಂದೆ ನಡೆದದ್ದು ಕಡಿಮೆ. 2015ರ ವೇಳೆಗೆ ಅಮೆರಿಕದಲ್ಲಿ ಕಂಡ ವಿಆರ್‌ಎಸ್‌ಎ ಪ್ರಕರಣಗಳು ಒಟ್ಟು 14. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಿಷಿಗನ್ನಿನವೇ. ಎಂಆರ್‌ಎಸ್‌ಎ ಹಬ್ಬಿದ ಹಾಗೆ ಇದು ಯಾಕೆ ಹಬ್ಬಲಿಲ್ಲ?

ಒಂದು ಕಾರಣ ಖರ್ಚು. ಸ್ವಿಚ್ ಆಫ್ ಇದ್ದಾಗ ಈ ಜೀನುಗಳ ಭಾರ ಸ್ಟ್ಯಾಫ್‌ಗೆ ಹೆಚ್ಚೇನಿಲ್ಲ. ಆನ್ ಆದರೆ ಅದರ ಬೆಳವಣಿಗೆ ಸ್ಪಷ್ಟವಾಗಿ ಕುಂಠಿತವಾಗುತ್ತದೆ ಎಂದು ಫ್ರಾನ್ಸಿನ ಪ್ರಯೋಗಗಳು ತೋರಿಸಿವೆ. ಇನ್ನೊಂದು ಸಂಗತಿ ನನಗೆ ಇಡೀ ಪ್ರಕರಣದಲ್ಲೇ ಮಜಾ ಅನಿಸುವುದು. ಎಂಆರ್‌ಎಸ್‌ಎ ಬದಲಾಯಿಸಿದ್ದು ಮೇಸ್ತ್ರಿಯನ್ನು, ಎಂಟೆರೋಕಾಕಸ್ ಕೊಟ್ಟದ್ದು ಹೊಸ ಸಾಮಗ್ರಿಯನ್ನು. ಆದರೆ ಆ ಹೊಸ ಮೇಸ್ತ್ರಿಗೆ ಈ ಹೊಸ ಸಾಮಗ್ರಿ ಒಗ್ಗುವುದಿಲ್ಲ. ಪಿಬಿಪಿ2ಎ ಡಿ-ಲ್ಯಾಕ್ಟೇಟ್ ತುದಿಯ ಎಳೆಗಳಿಗೆ ಗಂಟು ಹಾಕಲಾರದು. ಆ ಕೆಲಸಕ್ಕೆ ಹಳೇ ಮೇಸ್ತ್ರಿ ಪಿಬಿಪಿ2 ಬೇಕು. ಹಳೇ ಮೇಸ್ತ್ರಿಯೋ, ಆಕ್ಸಾಸಿಲಿನ್ ಕಂಡರೆ ಸೋಲುವವನು. ಹಾಗಾಗಿ ವ್ಯಾಂಕೋಮೈಸಿನ್ ಒಂದನ್ನೇ ಹಾಕಿದರೆ ಈ ಬ್ಯಾಕ್ಟೀರಿಯಾ ಬದುಕುತ್ತದೆ, ಆಕ್ಸಾಸಿಲಿನ್ ಒಂದನ್ನೇ ಹಾಕಿದರೂ ಬದುಕುತ್ತದೆ. ಲ್ಯಾಬಿನಲ್ಲಿ ಎರಡನ್ನೂ ಒಂದೇ ಟ್ಯೂಬಿಗೆ ಹಾಕಿದರೆ ಬೆಳಿಗ್ಗೆ ಆ ಟ್ಯೂಬ್ ತಿಳಿಯಾಗಿರುತ್ತದೆ.